ಗೋಡೆಗೂಡಿನಲ್ಲಿಟ್ಟ ನೋಟಿಸು: ಒಂದು ಎಕ್ಸ್‌ಪಾರ್ಟಿ ಡಿಕ್ರಿ ತೆಗೆಸಿದ ಅನುಭವ

ಶ್ರೀನಿವಾಸಪುರದ ಕಡೆಯ ಯಜಮಾನರೊಬ್ಬರು ಕೋಲಾರದ ನನ್ನ ವಕೀಲಿ ಆಫೀಸಿಗೆ ಬಂದಾಗ ಕೈಯಲ್ಲಿ ನಾಲ್ಕು ಮಡಿಕೆಯ ಕಾಗದವಿತ್ತು. ಅಮಲ್ಜಾರಿ ಕೇಸಿನ, ಅಂದರೆ ಡಿಕ್ರಿಯ ಹಣ ವಸೂಲಿಗೆ ಹಾಕಿದ ಕೇಸಿನ ನೋಟಿಸು. ಪ್ರೋನೋಟಿನ (ಸಾಲಕ್ಕೆ ಬರೆದುಕೊಟ್ಟ ಪತ್ರದ) ದಾವೆಯಲ್ಲಿ ಅವರ ಮೇಲೆ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ಅವರು ಹಾಜರಿಲ್ಲದೆ ಏಕಪಕ್ಷೀಯ ತೀರ್ಪು ಆಗಿತ್ತು. ನೋಟಿಸು ಬಂದು 22 ದಿನ. ಅಷ್ಟೂ ದಿನ ಅದು ರೇಷನ್ ಕಾರ್ಡಿನ ಜೊತೆ ಗೋಡೆಗೂಡಿನಲ್ಲಿ ಮಲಗಿತ್ತು.

"ದುಡ್ಡು ಯಾವತ್ತೋ ಕಟ್ಬಿಟ್ಟೆ ಸಾರ್. ನೋಟು ವಾಪಸ್ ಇಸ್ಕೊಳ್ಳಲಿಲ್ಲ, ರಸೀದೀನೂ ಇಲ್ಲ."

"ಅದು ಆಮೇಲೆ ಯಜಮಾನ್ರೇ. ಕೋರ್ಟಿಗೆ ಯಾಕೆ ಬರಲಿಲ್ಲ, ಮೊದಲು ಅದು ಹೇಳಿ."

ಅವರಿಗೆ ಬೇಸರವಾಯಿತು. ಆದರೆ ಇಂಥ ಡಿಕ್ರಿ ತೆಗೆಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 9 ರೂಲ್ 13ರಡಿ ಹಾಕುವ ಅರ್ಜಿಯಲ್ಲಿ ಜಡ್ಜ್ ನೋಡುವುದು ಎರಡೇ: ಸಮನ್ಸ್ ಸರಿಯಾಗಿ ಜಾರಿಯಾಗಿತ್ತೇ, ಆಗಿದ್ದರೂ ಬರಲಾಗದಂಥ ಕಾರಣ ಇತ್ತೇ. ಸಾಲ ತೀರಿತ್ತೋ ಇಲ್ಲವೋ ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಕಾಲಮಿತಿ ಕಾಯ್ದೆಯ 123ನೇ ಆರ್ಟಿಕಲ್ ಪ್ರಕಾರ ಇರುವುದು 30 ದಿನ. ಡಿಕ್ರಿಯ ದಿನದಿಂದ ಎಣಿಕೆ. ಸಮನ್ಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ. ಹಾಗಾಗಿ ಆ ನೋಟಿಸು ಯಾವ ತಾರೀಕಿಗೆ ಕೈಸೇರಿತು ಎಂಬುದೇ ನಮ್ಮ ಬಂಡವಾಳ. ಆದರೂ ನನ್ನ ಮೊದಲ ಡ್ರಾಫ್ಟಿನಲ್ಲಿ "ಇತ್ತೀಚೆಗೆ ತಿಳಿದುಬಂತು" ಎಂದು ಬರೆದಿದ್ದೆ! ಟೈಪಿಗೆ ಕೊಡುವ ಮುನ್ನ ಕಣ್ಣಿಗೆ ಬಿತ್ತು, ತಾರೀಕು ಹಾಕಿದೆ. ತಡವಾಗಿದೆ ಎಂದು ಎದುರಿನವರು ಹೇಳಬಹುದೆಂದು ತಡ ಮನ್ನಿಸಿ ಎಂದು ಕೇಳುವ, ಅದೇ ಕಾಯ್ದೆಯ ಸೆಕ್ಷನ್ 5ರ ಅರ್ಜಿಯನ್ನೂ ಜೊತೆಗಿಟ್ಟೆ. ಡಿಕ್ರಿ ತೆಗೆಸುವ ಈ ಅರ್ಜಿ (ಮಿಸ್ ಕೇಸ್) ಹಾಕಿದ ಮಾತ್ರಕ್ಕೆ ಅಮಲ್ಜಾರಿ ನಿಲ್ಲುವುದಿಲ್ಲ, ತಡೆಗೆ ಬೇರೆಯೇ ಅರ್ಜಿ ಬೇಕು. ಇದನ್ನು ಮರೆತು ಜಪ್ತಿ ವಾರಂಟ್ ಎದುರಿಸಿದವರನ್ನು ನೋಡಿದ್ದೇನೆ.

ಹಳೆಯ ಫೈಲು ತರಿಸಿ ನೋಡಿದಾಗ ಉಸಿರು ಬಂತು. ಅಂಚೆಯ ಲಕೋಟೆ "ಬಾಗಿಲು ಹಾಕಿದೆ" ಎಂಬ ಷರಾದೊಂದಿಗೆ ವಾಪಸಾಗಿತ್ತು. ಸಮನ್ಸ್ ಜಾರಿ ಮಾಡುವ ಕೋರ್ಟಿನ ಅಮೀನರು ಜೂನ್ ತಿಂಗಳಲ್ಲಿ ಒಂದೇ ಸಲ ಹೋಗಿ, ಮನೆಯಲ್ಲಿಲ್ಲವೆಂದು ಸಮನ್ಸನ್ನು ಬಾಗಿಲಿಗೆ ಅಂಟಿಸಿ ಬಂದಿದ್ದರು. ಆರ್ಡರ್ 5 ರೂಲ್ 17 ಹಾಗೆ ಬಿಡುವುದಿಲ್ಲ. ಸಾಕಷ್ಟು ಹುಡುಕಿರಬೇಕು, ಸದ್ಯಕ್ಕೆ ಸಿಗುವ ಸಂಭವ ಇರಬಾರದು. ಮನೆ ಯಾರು ತೋರಿಸಿದರು, ಯಾರ ಎದುರು ಅಂಟಿಸಿದ್ದು ಎಂಬುದನ್ನೂ ಷರಾದಲ್ಲಿ ಬರೆಯಬೇಕು. ಇಲ್ಲಿ ಒಂದು ಹೆಸರೂ ಇರಲಿಲ್ಲ.

ಜೂನ್ ಎಂದರೆ ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ. ಯಜಮಾನರು ಫಸಲು ಗುತ್ತಿಗೆ ಹಿಡಿದು, ಮನೆಗೆ ಬೀಗ ಹಾಕಿ, ಹೆಂಡತಿಯೊಂದಿಗೆ ತೋಪಿನ ಗುಡಿಸಲಲ್ಲಿ ಕಾವಲಿದ್ದರು. ಮಂಡಿಯ ಚೀಟಿಗಳನ್ನು ದಾರಕ್ಕೆ ಪೋಣಿಸಿಟ್ಟಿದ್ದರು, ದಿನಕ್ಕೊಂದರಂತೆ! ಅವನ್ನೇ ಕೋರ್ಟಿನಲ್ಲಿ ಸಾಕ್ಷ್ಯವಾಗಿ ಗುರುತು ಹಾಕಿಸಿದೆ.

ಪಾಟೀ ಸವಾಲಿನಲ್ಲಿ ಮಾತ್ರ ಎದೆ ಧಸಕ್ಕೆಂದಿತು. "ನಿಮ್ಮ ಮೇಲೆ ಕೇಸು ಹಾಕಿದ್ದು ಊರಲ್ಲಿ ಕೇಳಿದ್ರಾ?" ಎಂದರು ಎದುರಿನ ವಕೀಲರು. ಯಜಮಾನರು ಸುಳ್ಳು ಹೇಳುವವರಲ್ಲ. "ಹಾಕ್ತಾರಂತೆ ಅಂತ ಅರಳಿಕಟ್ಟೆ ಹತ್ರ ಯಾರೋ ಅಂದಿದ್ರು ಸಾರ್." ಅಷ್ಟನ್ನೇ ಹಿಡಿದು, ಪ್ರತಿವಾದಿಗೆ ಮೊದಲೇ ಗೊತ್ತಿದ್ದರೆ ಜಾರಿಯಲ್ಲಿನ ಸಣ್ಣ ಲೋಪಕ್ಕೆ ಡಿಕ್ರಿ ತೆಗೆಯಬಾರದೆಂಬ ರೂಲ್ 13ರ ಎರಡನೇ ಪರಂತುಕವನ್ನು (ನಿಯಮಕ್ಕೆ ಜೋಡಿಸಿದ ಷರತ್ತನ್ನು) ಅವರು ಓದಿದರು. ನಾನು ಅದೇ ಪರಂತುಕವನ್ನು ಪೂರ್ತಿ ಓದಿದೆ: ಗೊತ್ತಿರಬೇಕಾದ್ದು ವಿಚಾರಣೆಯ ದಿನಾಂಕ, ಜೊತೆಗೆ ಹಾಜರಾಗಲು ಸಾಕಷ್ಟು ಸಮಯವೂ ಇರಬೇಕು. ಅರಳಿಕಟ್ಟೆ ತಾರೀಕು ಹೇಳುವುದಿಲ್ಲ.

ಅರ್ಜಿ ಮಂಜೂರಾಯಿತು, ಎದುರಿನವರಿಗೆ 2,000 ರೂಪಾಯಿ ಕಾಸ್ಟ್ (ಖರ್ಚು) ಕೊಡಬೇಕೆಂಬ ಷರತ್ತಿನ ಮೇಲೆ. ದಾವೆ ಹಳೆಯ ನಂಬರಿನಲ್ಲೇ ಮತ್ತೆ ವಿಚಾರಣೆಗೆ ಬಂತು. ವರಾಂಡದಲ್ಲಿ ಎದುರಿನ ವಕೀಲರಿಗೆ ಹಣ ಎಣಿಸಿ ಕೊಡುತ್ತಿದ್ದಾಗ ಯಜಮಾನರು ನನ್ನ ಕೋಟಿನ ತೋಳು ಜಗ್ಗಿದರು.

"ಸಾರ್, ರಸೀದಿ."