ಸ್ಕ್ಯಾನಿಂಗ್ ರಿಪೋರ್ಟ್ ಓದುವುದು ಹೇಗೆ?

ರಿಪೋರ್ಟ್ ಕೈಗೆ ಬಂದೊಡನೆ ಒಂದೊಂದೇ ಪದವನ್ನು ಮೊಬೈಲಿನಲ್ಲಿ ಹುಡುಕಿ ಗಾಬರಿಯಾಗುವವರೇ ಹೆಚ್ಚು. ಅದರ ಬದಲು ಕೊನೆಯಿಂದ ಓದಲು ಶುರು ಮಾಡಿ. ‘ಇಂಪ್ರೆಷನ್’ ಎಂಬಲ್ಲಿ ರೇಡಿಯಾಲಜಿಸ್ಟ್ (ಸ್ಕ್ಯಾನ್ ನೋಡಿ ವರದಿ ಬರೆಯುವ ವೈದ್ಯರು) ಮುಖ್ಯವೆನಿಸಿದ್ದನ್ನು ಕೆಲವೇ ಸಾಲುಗಳಲ್ಲಿ ಹೇಳಿರುತ್ತಾರೆ. ಅದರ ಮೇಲಿನ ‘ಫೈಂಡಿಂಗ್ಸ್’ ಕಣ್ಣಿಗೆ ಬಿದ್ದದ್ದರ ಪಟ್ಟಿ. ಅಲ್ಲಿ ಬರೆದದ್ದೆಲ್ಲ ಕಾಯಿಲೆಯಲ್ಲ.

ಇನ್ನು ಚಿತ್ರ. ಎದುರಿಗೆ ನಿಂತವರನ್ನು ನೋಡಿದಂತೆ ನೋಡಿ: ರೋಗಿಯ ಬಲಭಾಗ ನಿಮ್ಮ ಎಡಕ್ಕೆ ಬರುತ್ತದೆ. ಎಕ್ಸ್‌ರೇ ಮತ್ತು ಸಿ.ಟಿ.ಯಲ್ಲಿ ಗಾಳಿ ಕಪ್ಪು, ಮೂಳೆ ಬಿಳಿ. ಸಿ.ಟಿ.ಯಲ್ಲಿ ಇದಕ್ಕೆ ಹೌನ್ಸ್‌ಫೀಲ್ಡ್ ಎಂಬ ಅಳತೆಯೂ ಉಂಟು. ನೀರಿಗೆ 0, ಗಾಳಿಗೆ ಮೈನಸ್ 1000. ಮೂತ್ರಪಿಂಡದಲ್ಲಿ ಸಿಸ್ಟ್ (ದ್ರವ ತುಂಬಿದ ಚೀಲ) ಇದೆ ಎಂದು ಬರೆದಿದ್ದರೆ, ಅದರ ಅಳತೆ ನೀರಿನ ಆಸುಪಾಸಿನಲ್ಲಿದ್ದು ಗೋಡೆಯೂ ತೆಳುವಾಗಿದ್ದರೆ, ಸಾಮಾನ್ಯವಾಗಿ ಚಿಂತೆ ಬೇಡ. ವಯಸ್ಸಾದವರಲ್ಲಿ ಅದು ತೀರಾ ಸಾಮಾನ್ಯ. ಅಲ್ಟ್ರಾಸೌಂಡ್‌ನಲ್ಲಿ ನೀರು ಕಪ್ಪಗೆ ಕಾಣುತ್ತದೆ. ಪಿತ್ತಕೋಶದ ಕಲ್ಲು ಬೆಳ್ಳಗೆ ಹೊಳೆದು ಹಿಂದೆ ನೆರಳು ಬಿಡುತ್ತದೆ.

ಮೂರನೆಯದಾಗಿ ವಯಸ್ಸು ಲೆಕ್ಕಕ್ಕೆ ತೆಗೆದುಕೊಳ್ಳಿ. ಹೆಚ್ಚು ಜನರನ್ನು ಸುಮ್ಮನೆ ಹೆದರಿಸುವುದು ಬೆನ್ನಿನ ಎಂ.ಆರ್.ಐ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯಲ್ಲಿ, 20ರ ಹರೆಯದವರಲ್ಲೇ ಶೇ 37ರಷ್ಟು ಮಂದಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿತ್ತು. 80 ವರ್ಷದವರಲ್ಲಿ ಶೇ 96ರಷ್ಟು. ಹಾಗಾಗಿ ‘ಡಿಸ್ಕ್ ಸವೆತ’ ಎಂದಿದ್ದ ಮಾತ್ರಕ್ಕೆ ನೋವಿನ ಮೂಲ ಸಿಕ್ಕಿತು ಎನ್ನಲಾಗದು.

ಹುಟ್ಟಿನಿಂದಲೇ ಇರುವ ವ್ಯತ್ಯಾಸಗಳು ಬೇರೆ. ಕುತ್ತಿಗೆಯಲ್ಲೊಂದು ಹೆಚ್ಚುವರಿ ಪಕ್ಕೆಲುಬು, ಗುಲ್ಮದ (ಸ್ಪ್ಲೀನ್) ಪಕ್ಕ ಪುಟ್ಟದೊಂದು ಗುಲ್ಮ. ತೀರಾ ಅಪರೂಪಕ್ಕೆ ಹೃದಯ, ಯಕೃತ್ತು ಎಲ್ಲವೂ ಎಡಬಲ ಅದಲುಬದಲಾಗಿರುವವರೂ ಇದ್ದಾರೆ. ಅಂಥವರು ಅದನ್ನು ವೈದ್ಯರಿಗೆ ಮೊದಲೇ ಹೇಳಲೇಬೇಕು: ಅಪೆಂಡಿಕ್ಸ್ ಊತದ ನೋವು ಅವರಿಗೆ ಎಡಗಡೆ ಬರಬಹುದು!

ಹಳೆಯ ಫಿಲ್ಮ್ ಅಥವಾ ಸಿ.ಡಿ. ಮನೆಯಲ್ಲಿದ್ದರೆ ಮರೆಯದೆ ಒಯ್ಯಿರಿ. ನನ್ನ ಪ್ರಕಾರ ಇದಕ್ಕಿಂತ ಉಪಯುಕ್ತ ಕೆಲಸವಿಲ್ಲ. ಶ್ವಾಸಕೋಶದ ಗಟ್ಟಿ ಗಂಟೊಂದು ಎರಡು ವರ್ಷ ಬೆಳೆಯದೆ ಹಾಗೇ ಇದ್ದರೆ ಅದು ನಿರುಪದ್ರವಿ ಎನ್ನಲು ಬಲವಾದ ಆಧಾರ. ಹೊಸದಾಗಿ ಮೂಡಿದ್ದರೆ ಕಥೆಯೇ ಬೇರೆ.

ವೈದ್ಯರನ್ನು ಕೇಳಬೇಕಾದ್ದು ಎರಡೇ: ನನ್ನ ತೊಂದರೆಗೂ ಇದಕ್ಕೂ ಸಂಬಂಧವಿದೆಯೇ? ಮತ್ತೆ ಸ್ಕ್ಯಾನ್ ಬೇಕೇ, ಬೇಕಾದರೆ ಯಾವಾಗ? ದಿನಾಂಕ ಬರೆದಿಟ್ಟುಕೊಳ್ಳಿ.

ರಿಪೋರ್ಟ್ ‘ನಾರ್ಮಲ್’ ಎಂದು ಬಂದರೂ ನೋವು ಹೋಗದಿದ್ದರೆ ಸುಮ್ಮನಿರಬೇಡಿ. ಮಣಿಕಟ್ಟಿನ ಸ್ಕೇಫಾಯ್ಡ್ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ, 10–14 ದಿನಗಳ ನಂತರದ ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳುವುದುಂಟು.