ಕ್ಯಾಂಪರ್ ಗಾಡಿಯ ಮಡ್ ಫ್ಲ್ಯಾಪ್ ಟಯರ್‌ಗೆ ಉಜ್ಜುತ್ತಿದೆಯೇ? ಕತ್ತರಿಸುವ ಮುಂಚೆ ಇಷ್ಟು ನೋಡಿ

ಹಿಂದಿನ ಚಕ್ರದ ಕಡೆಯಿಂದ, ಕೆಸರು ಸಿಡಿಯದಂತೆ ಚಕ್ರದ ಹಿಂದೆ ತೂಗುಬಿಡುವ ಮಡ್ ಫ್ಲ್ಯಾಪ್ ಹತ್ತಿರ, ಸರ ಸರ ಸದ್ದು. ಹಂಪ್ ಇಳಿದಾಗ ಜಾಸ್ತಿ, ಸಪಾಟು ರಸ್ತೆಯಲ್ಲಿ ಕಮ್ಮಿ. ಗಾಡಿ ನಿಲ್ಲಿಸಿ ಇಳಿದರೆ ಸುಟ್ಟ ರಬ್ಬರ್ ವಾಸನೆ. ವ್ಯಾನ್ ಕೊಂಡು ಒಳಗೆ ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕ್ ಎಲ್ಲ ಮಾಡಿಸಿಕೊಂಡು ಊರೂರು ಸುತ್ತುವವರು ಈಗ ತುಮಕೂರಿನಲ್ಲೂ ಕಾಣಸಿಗುತ್ತಾರೆ. ಈ ಸದ್ದು ಶುರುವಾದರೆ ಬಹಳ ಮಂದಿ ನೇರವಾಗಿ ಹೆದ್ದಾರಿ ಪಕ್ಕದ ವೆಲ್ಡಿಂಗ್ ಶೆಡ್‌ಗೆ ಹೋಗುತ್ತಾರೆ. ಅಲ್ಲಿಯವರು ಒಮ್ಮೆ ಬಗ್ಗಿ ನೋಡಿ, ‘ಎರಡಿಂಚು ಕತ್ತರಿಸಿಬಿಡೋಣ ಬಿಡಿ ಸಾರ್’ ಅನ್ನುತ್ತಾರೆ. ಹತ್ತು ನಿಮಿಷದ ಕೆಲಸ. ಸದ್ದು ನಿಲ್ಲುತ್ತದೆ. ತೊಂದರೆ ಮಾತ್ರ ಹಾಗೇ ಉಳಿಯುತ್ತದೆ.

ಫ್ಲ್ಯಾಪ್ ತಾನಾಗಿ ಉದ್ದ ಬೆಳೆಯುವುದಿಲ್ಲ ಅಲ್ವಾ? ಮೊದಲು ತಾಗದೆ ಇದ್ದದ್ದು ಈಗ ತಾಗುತ್ತಿದೆ ಅಂದರೆ ಒಂದೋ ಭಾರಕ್ಕೆ ಗಾಡಿಯ ಹಿಂಭಾಗ ಕೂತಿದೆ, ಇಲ್ಲವೇ ಚಕ್ರವೇ ಹಿಂದಕ್ಕೆ ಸರಿದಿದೆ, ಅದೂ ಅಲ್ಲದಿದ್ದರೆ ಬಾಡಿ ಕಟ್ಟಿದವರು ಫ್ಲ್ಯಾಪ್ ಹಿಡಿಯುವ ಬ್ರ್ಯಾಕೆಟ್ ಸರಿಯಾಗಿ ಕೂರಿಸಿಲ್ಲ. ಇವುಗಳಲ್ಲಿ ಯಾವುದು ಅಂತ ಗೊತ್ತಾಗುವ ತನಕ ಕತ್ತರಿ ಮುಟ್ಟಬೇಡಿ.

ಮೊದಲು ಸುಲಭದ್ದು

ಎಲ್ಲ ಟಯರ್‌ಗಳ ಗಾಳಿ ನೋಡಿ. ಫ್ಲ್ಯಾಪ್ ಹಿಡಿದು ಅಲ್ಲಾಡಿಸಿ, ಬೋಲ್ಟ್ ಸಡಿಲವಿದ್ದರೆ ಬಿಗಿ ಮಾಡಿ. ಹಿಂದೆ ಜೋಡಿ ಚಕ್ರವಿದ್ದರೆ ನಡುವೆ ಕಲ್ಲು ಸಿಕ್ಕಿದೆಯೇ ನೋಡಿ, ಇದ್ದರೆ ತೆಗೆಯಿರಿ. ಹೊಸದಾಗಿ ದಪ್ಪ ಟಯರ್ ಹಾಕಿಸಿದ ಮೇಲೆ ಸದ್ದು ಶುರುವಾಗಿದ್ದರೆ ಹಳೇ ಅಳತೆಗೆ ವಾಪಸ್ ಹೋಗಿ. ಕಂಪನಿ ಹೇಳಿದ ಅಳತೆ ಬಿಟ್ಟು ಬೇರೆ ಟಯರ್ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಎಲ್ಲಿ, ಯಾವಾಗ ತಾಗುತ್ತಿದೆ?

ಎಲ್ಲರೂ ಆತುರ ಮಾಡಿ ಕೆಡಿಸುವುದು ಈ ಹಂತವನ್ನೇ. ಅರ್ಧ ದಿನ ಇಟ್ಟುಕೊಳ್ಳಿ. ಗಾಡಿಯಲ್ಲಿ ಪ್ರವಾಸಕ್ಕೆ ಹೊರಟಾಗ ಇರುವಷ್ಟೇ ಸಾಮಾನು ಇರಲಿ. ನೀರಿನ ಟ್ಯಾಂಕ್ ತುಂಬಿಸಿ. ಖಾಲಿ ಗಾಡಿಯಲ್ಲಿ ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ.

ಫ್ಲ್ಯಾಪ್ ತೊಳೆದು ಒಣಗಿಸಿ. ಸೀಮೆಸುಣ್ಣ ಪುಡಿ ಮಾಡಿ, ನೀರಲ್ಲಿ ಗಟ್ಟಿಯಾಗಿ ಕಲಸಿ, ಟಯರ್ ಕಡೆಗಿರುವ ಮೈಗೆ ಪೂರ್ತಿ ಬಳಿಯಿರಿ. ಒಣಗಲಿ. ಆಮೇಲೆ ನಾಲ್ಕು ಓಟ, ಒಂದೊಂದೂ ಬೇರೆ ಬೇರೆ. ನೇರ ರಸ್ತೆಯಲ್ಲಿ ಸ್ವಲ್ಪ ದೂರ. ನಿಧಾನವಾಗಿ ಒಂದೆರಡು ಹಂಪ್. ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು. ಕೊನೆಗೆ ರಿವರ್ಸ್. ಒಂದೊಂದು ಓಟ ಆದ ಮೇಲೂ ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಫ್ಲ್ಯಾಪ್ ನೋಡಿ ಫೋಟೊ ತೆಗೆಯಿರಿ. ಗುರುತು ಬಿದ್ದಿದ್ದರೆ ಅಳಿಸಿ ಮತ್ತೆ ಸುಣ್ಣ ಬಳಿದು ಮುಂದಿನ ಓಟಕ್ಕೆ ಹೋಗಿ. ನಾಲ್ಕನ್ನೂ ಒಟ್ಟಿಗೆ ಮುಗಿಸಿ ಬಂದು ನೋಡಿದರೆ ಯಾವ ಗುರುತು ಯಾವುದರದು ಅಂತ ಗೊತ್ತಾಗುವುದಿಲ್ಲ.

ಗುರುತನ್ನು ಓದುವುದು ಹೀಗೆ. ಹಿಂದಿನ ಫ್ಲ್ಯಾಪ್‌ನ ಮೇಲ್ಭಾಗದಲ್ಲಿ ಅಡ್ಡಕ್ಕೆ ಸುಣ್ಣ ಹೋಗಿ ಕಪ್ಪಗೆ ಹೊಳೆಯುತ್ತಿದ್ದರೆ, ಅದೂ ಹಂಪ್ ಆದ ಮೇಲೆ ಮಾತ್ರ ಕಂಡರೆ, ಸ್ಪ್ರಿಂಗ್ ಕೂತಿದೆ. ಕೆಳಗಿನ ಅಂಚು ಮಾತ್ರ ಸವೆದಿದ್ದರೆ ಫ್ಲ್ಯಾಪ್ ಬಿಸಿಲಿಗೆ ಮುಂದಕ್ಕೆ ಸುರುಳಿ ಕಟ್ಟಿದೆ, ಅಥವಾ ರಿವರ್ಸ್ ತೆಗೆಯುವಾಗ ದಿಣ್ಣೆಗೆ ಒತ್ತಿ ಟಯರ್ ಕೆಳಗೆ ಎಳೆಸಿಕೊಂಡಿದೆ. ಒಂದೇ ಮೂಲೆಯಲ್ಲಿ ಗುರುತಿದ್ದರೆ ಬ್ರ್ಯಾಕೆಟ್ ಓರೆಯಾಗಿದೆ. ಮುಂದಿನ ಚಕ್ರದಲ್ಲಿ, ಪೂರ್ತಿ ತಿರುಗಿಸಿದಾಗ ಮಾತ್ರ ತಾಗಿದರೆ ಫ್ಲ್ಯಾಪ್ ಕೂರಿಸಿದ ಜಾಗವೇ ತಪ್ಪು. ನೇರ ರಸ್ತೆಯಲ್ಲೇ, ಒಂದು ಕಡೆ ಮಾತ್ರ, ಬಿಡದೆ ಉಜ್ಜಿದೆ ಅಂದರೆ ಹುಷಾರು. ಅದರ ಮಾತು ಮುಂದೆ ಹೇಳುತ್ತೇನೆ.

ದೇವರಾಯನದುರ್ಗ ಹತ್ತುವಾಗ ಮಾತ್ರ ಸದ್ದು ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ತಿರುವಿನಲ್ಲಿ ಭಾರ ಹೊರಗಿನ ಚಕ್ರದ ಮೇಲೆ ಬೀಳುತ್ತದೆ, ಆ ಕಡೆಯ ಸ್ಪ್ರಿಂಗ್ ಜಾಸ್ತಿ ತಗ್ಗುತ್ತದೆ. ಮೇಲೆ ಭಾರ ಇರುವ ಗಾಡಿಯಲ್ಲಿ ಇದು ಇನ್ನೂ ಹೆಚ್ಚು. ಆದರೆ ಪರೀಕ್ಷೆಗೆ ಅಂತ ಆ ಘಾಟಿಗೆ ಹೋಗಬೇಡಿ. ಹಂಪ್ ಸಾಕು.

ಚಕ್ರ ಹಿಂದಕ್ಕೆ ಯಾಕೆ ಬರುತ್ತದೆ?

ಪ್ಲೇಟ್ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಪ್ಲೇಟ್‌ಗಳು ಬಿಲ್ಲಿನ ಹಾಗೆ ಬಾಗಿರುತ್ತವೆ. ಸಾಮಾನ್ಯವಾಗಿ ಮುಂದಿನ ತುದಿ ಚಾಸಿಗೆ ಒಂದೇ ಜಾಗದಲ್ಲಿ ಕೂತಿರುತ್ತದೆ. ಹಿಂದಿನ ತುದಿ ಶಾಕಲ್‌ನಲ್ಲಿ, ಅಂದರೆ ಹಿಂದೆ ಮುಂದೆ ಆಡುವ ಕೊಂಡಿಯಲ್ಲಿ, ತೂಗುತ್ತದೆ. ಭಾರ ಬಿದ್ದಾಗ ಬಾಗಿದ ಪ್ಲೇಟ್ ನೇರವಾಗುತ್ತದೆ, ಉದ್ದವಾಗುತ್ತದೆ. ಮುಂದಕ್ಕೆ ಹೋಗಲು ಜಾಗವಿಲ್ಲ, ಹಾಗಾಗಿ ಎಡ ಬಲ ಚಕ್ರಗಳನ್ನು ಹೊತ್ತ ಆ್ಯಕ್ಸಲ್ ಹಿಂದಕ್ಕೆ ಸರಿಯುತ್ತದೆ. ಅಂದರೆ ಟಯರ್ ಮೇಲಕ್ಕೂ ಹೋಗುತ್ತದೆ, ಹಿಂದಕ್ಕೂ ಬರುತ್ತದೆ. ಫ್ಲ್ಯಾಪ್ ಇರುವುದು ಅಲ್ಲೇ.

ಈಗ ಆ ಅಪಾಯದ ಮಾತು. ಪ್ಲೇಟ್‌ಗಳನ್ನೆಲ್ಲ ಜೋಡಿಸಿ, ಆ್ಯಕ್ಸಲ್ಲನ್ನು ಅದರ ಜಾಗದಲ್ಲಿ ನಿಲ್ಲಿಸುವುದು ಸೆಂಟರ್ ಬೋಲ್ಟ್. ಪ್ಲೇಟ್‌ಗಳನ್ನು ಆ್ಯಕ್ಸಲ್‌ಗೆ ಬಿಗಿದು ಹಿಡಿಯುವ ಯು ಬೋಲ್ಟ್ ಸಡಿಲವಾದರೆ ಸೆಂಟರ್ ಬೋಲ್ಟ್ ಮೇಲೆ ಏಟು ಬಿದ್ದು ಅದು ತುಂಡಾಗಬಹುದು. ಆಗ ಆ್ಯಕ್ಸಲ್ ಒಂದು ಕಡೆ ಹಿಂದಕ್ಕೆ ಜಾರುತ್ತದೆ, ಗಾಡಿ ಓರೆಯಾಗಿ ಓಡುತ್ತದೆ. ಕಂಡುಹಿಡಿಯುವುದು ಸುಲಭ. ಸ್ಟೇರಿಂಗ್ ನೇರ ಇಟ್ಟು, ಮುಂದಿನ ಹಬ್‌ನ, ಅಂದರೆ ಚಕ್ರದ ಮಧ್ಯಭಾಗದ, ನಡುವಿನಿಂದ ಹಿಂದಿನ ಹಬ್‌ನ ನಡುವಿಗೆ ಟೇಪ್ ಹಿಡಿಯಿರಿ. ಎಡ ಬಲ ಎರಡೂ ಅಳೆಯಿರಿ. ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಗಾಡಿ ಓಡಿಸಬೇಡಿ. ಪ್ಲೇಟ್ ಕೆಲಸ ಬಲ್ಲ ಮೆಕ್ಯಾನಿಕ್ಕನ್ನು ಗಾಡಿ ಇದ್ದಲ್ಲಿಗೇ ಕರೆಸಿ. ಇಂಥ ಗಾಡಿಯ ಫ್ಲ್ಯಾಪ್ ಕತ್ತರಿಸಿ ಹೆದ್ದಾರಿಗೆ ಬಿಡುವುದನ್ನು ಯೋಚಿಸಿದರೇ ಭಯವಾಗುತ್ತದೆ.

ಎತ್ತರ ಮತ್ತು ತೂಕ

ಸಪಾಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ಒಂದೊಂದು ಹಬ್‌ನ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನ ತನಕ ಅಳೆದು ಬರೆದುಕೊಳ್ಳಿ. ಟ್ಯಾಂಕ್ ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ. ಎಡಕ್ಕೂ ಬಲಕ್ಕೂ ಒಂದು ಇಂಚು ದಾಟಿ ವ್ಯತ್ಯಾಸ ಇದ್ದರೆ ಫ್ರಿಜ್, ಬ್ಯಾಟರಿ, ಅಡುಗೆ ಕಟ್ಟೆ ಮೂರೂ ಒಂದೇ ಕಡೆ ಕೂತಿವೆಯೇ ನೋಡಿ. ಅವು ಸರಿಯಿದ್ದರೆ ಆ ಕಡೆಯ ಪ್ಲೇಟ್ ತುಂಡಾಗಿದೆಯೇ ನೋಡಿ.

ಆಮೇಲೆ ವೇಬ್ರಿಡ್ಜ್, ಲಾರಿ ತೂಗುವ ಜಾಗ. ಬೆಳಿಗ್ಗೆ ಲಾರಿಗಳ ಸಾಲು ಶುರುವಾಗುವ ಮುಂಚೆ ಹೋಗಿ. ಮುಂದಿನ ಚಕ್ರ ಮಾತ್ರ ಏರಿಸಿ ಒಂದು ತೂಕ, ಪೂರ್ತಿ ಗಾಡಿ ಒಂದು ತೂಕ, ಹಿಂದಿನ ಚಕ್ರ ಮಾತ್ರ ಒಂದು ತೂಕ. ಮುಂದಿನದೂ ಹಿಂದಿನದೂ ಸೇರಿದರೆ ಪೂರ್ತಿ ತೂಕಕ್ಕೆ ಹತ್ತಿರ ಬರಬೇಕು. ಬರದಿದ್ದರೆ ಗಾಡಿ ಇಳಿಜಾರಿನಲ್ಲಿ ನಿಂತಿತ್ತು ಅಂತ ಅರ್ಥ, ಮತ್ತೆ ತೂಗಿಸಿ. ಚೀಟಿ ಜೋಪಾನ. ಒಟ್ಟು ತೂಕವನ್ನು ಆರ್‌ಸಿಯಲ್ಲಿರುವ ಗ್ರಾಸ್ ವೆಹಿಕಲ್ ವೇಟ್ (ಸಾಮಾನು ಸೇರಿ ಗಾಡಿಗೆ ಇರುವ ಗರಿಷ್ಠ ತೂಕ) ಜೊತೆ ಹೋಲಿಸಿ. ಒಟ್ಟು ಸರಿಯಿದ್ದು ಹಿಂದಿನ ಆ್ಯಕ್ಸಲ್ ಮಾತ್ರ ಮಿತಿ ಮೀರಿರುವುದೂ ಉಂಟು.

ಕಾರಣ ಲೆಕ್ಕದಲ್ಲಿದೆ. ಚಕ್ರದಿಂದ ಚಕ್ರಕ್ಕೆ 3 ಮೀಟರ್ ಇರುವ ಗಾಡಿ ಅಂತಿಟ್ಟುಕೊಳ್ಳಿ. ಹಿಂದಿನ ಆ್ಯಕ್ಸಲ್‌ನಿಂದ ಒಂದೂವರೆ ಮೀಟರ್ ಹಿಂದೆ 150 ಲೀಟರ್ ನೀರಿನ ಟ್ಯಾಂಕ್ ಇದೆ. ನೀರಿನ ತೂಕ 150 ಕೆ.ಜಿ. ಟ್ಯಾಂಕ್ ಮುಂದಿನ ಆ್ಯಕ್ಸಲ್‌ನಿಂದ ನಾಲ್ಕೂವರೆ ಮೀಟರ್ ದೂರ, ಅಂದರೆ 3 ಮೀಟರಿನ ಒಂದೂವರೆ ಪಟ್ಟು. ಹಾಗಾಗಿ ಹಿಂದಿನ ಆ್ಯಕ್ಸಲ್ ಮೇಲೆ ಬೀಳುವುದೂ ಒಂದೂವರೆ ಪಟ್ಟು, 225 ಕೆ.ಜಿ. ಉಳಿದ 75 ಕೆ.ಜಿ. ಎಲ್ಲಿಂದ ಬಂತು? ಮುಂದಿನ ಆ್ಯಕ್ಸಲ್‌ನಿಂದ. ಹಿಂದೆ ಕೂತಷ್ಟೂ ಮುಂದೆ ಎದ್ದಿರುತ್ತದೆ, ಸ್ಟೇರಿಂಗ್ ಹಗುರವಾಗುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಮೇಲೆ ಸ್ಟೆಪ್ನಿ, ಹಿಂದಿನ ಬಾಗಿಲಿಗೆ ಸೈಕಲ್ ಸ್ಟ್ಯಾಂಡ್ ಬೇರೆ. ಜೊತೆಗೆ ಪ್ಲೈವುಡ್. 19 ಎಂಎಂ ದಪ್ಪದ, ಎಂಟು ಅಡಿ ನಾಲ್ಕು ಅಡಿಯ ಒಂದು ಹಲಗೆಯೇ ಸುಮಾರು 35ರಿಂದ 40 ಕೆ.ಜಿ. ತೂಗುತ್ತದೆ. ಮನೆಯ ವಾರ್ಡ್‌ರೋಬ್ ಮಾಡಿ ಅಭ್ಯಾಸವಿರುವ ಬಡಗಿ ಗಾಡಿಗೂ ಅದನ್ನೇ ಹಾಕುತ್ತಾನೆ. 12 ಎಂಎಂ ಸಾಕು.

ಸರಿಪಡಿಸುವುದು

ನೀರಿನ ಟ್ಯಾಂಕ್ ಎರಡು ಆ್ಯಕ್ಸಲ್‌ಗಳ ನಡುವೆ ಬರಲಿ. ದುಡ್ಡು ಖರ್ಚಾದರೂ ಪರವಾಗಿಲ್ಲ, ಮೊದಲು ಇದನ್ನು ಮಾಡಿಸಿ. ಆಮೇಲೂ ಹಿಂದೆ ತಗ್ಗಿದ್ದರೆ ಪ್ಲೇಟ್ ಕೆಲಸ. ಸೊರಗಿದ ಪ್ಲೇಟ್ ಬದಲಿಸಬಹುದು, ಒಂದು ಪ್ಲೇಟ್ ಸೇರಿಸಬಹುದು. ಎರಡೂ ಕಡೆ ಒಟ್ಟಿಗೆ ಮಾಡಿಸಿ. ಪ್ಲೇಟ್ ಸೇರಿಸಿದ ಮಾತ್ರಕ್ಕೆ ಗಾಡಿ ಹೊರಬಹುದಾದ ತೂಕ ಹೆಚ್ಚಾಗುವುದಿಲ್ಲ. ಆರ್‌ಸಿಯಲ್ಲಿರುವ ಅಂಕಿಯೇ ಕೊನೆಯ ಮಾತು.

ಕೊನೆಗೆ ಫ್ಲ್ಯಾಪ್. ಪೂರ್ತಿ ಭಾರ ಇದ್ದಾಗ ಟಯರ್‌ಗೂ ಫ್ಲ್ಯಾಪ್‌ಗೂ ನಡುವೆ ಕನಿಷ್ಠ 4 ಇಂಚು ಬಿಡಿ. ಬ್ರ್ಯಾಕೆಟ್ ಚಾಸಿಗೋ ಬಾಡಿಯ ಕಬ್ಬಿಣದ ಫ್ರೇಮಿಗೋ ಬೋಲ್ಟ್ ಆಗಬೇಕು. ತಗಡಿಗೆ ಸ್ಕ್ರೂ ಹೊಡೆದರೆ ಮೊದಲ ಮಳೆಗಾಲದ ಕೆಸರಿನ ಭಾರಕ್ಕೇ ಕಿತ್ತು ಬರುತ್ತದೆ. ಫ್ಲ್ಯಾಪ್‌ನ ಮೇಲಂಚಿಗೆ ಉದ್ದಕ್ಕೂ ಒಂದು ಕಬ್ಬಿಣದ ಪಟ್ಟಿ ಕೊಟ್ಟು, ಅದರ ಮೇಲೆ ವಾಷರ್, ಅದುರಿಗೆ ಸಡಿಲವಾಗದ ನೈಲಾಕ್ ನಟ್ ಹಾಕಿಸಿ. ಬರೀ ವಾಷರ್ ಸಾಲದು, ರಬ್ಬರ್ ಹರಿದು ತೂತು ದೊಡ್ಡದಾಗುತ್ತದೆ. ಅಗ್ಗದ ಗಟ್ಟಿ ಪ್ಲಾಸ್ಟಿಕ್ ಫ್ಲ್ಯಾಪ್ ಕೊಳ್ಳಲೇಬೇಡಿ. ನಮ್ಮ ಬಯಲುಸೀಮೆ ಬಿಸಿಲಿಗೆ ಅದು ಸೊಟ್ಟಗಾಗುತ್ತದೆ. ಹಳೇ ಕನ್ವೇಯರ್ ಬೆಲ್ಟ್ ತುಂಡು ಟಿಪ್ಪರ್‌ಗೆ ಸರಿ, ವ್ಯಾನ್‌ಗೆ ಭಾರ. ಬೈಂಡಿಂಗ್ ವೈರ್‌ನಲ್ಲಿ ಹಿಂದಕ್ಕೆ ಎಳೆದು ಕಟ್ಟುವವರೂ ಇದ್ದಾರೆ. ಆ ತಂತಿ ರಬ್ಬರನ್ನೇ ಕೊಯ್ಯುತ್ತದೆ. ಇಷ್ಟೆಲ್ಲ ಆಗಿ, ಕೆಳಗಿನ ಅಂಚು ಮಾತ್ರ ನೆಲಕ್ಕೆ ತಾಗುತ್ತಿದ್ದರೆ ಆಗ ಧಾರಾಳವಾಗಿ ಕತ್ತರಿಸಿ.

ಫ್ಲ್ಯಾಪ್ ಬಿಚ್ಚಿದಾಗಲೇ ನೋಡಬೇಕಾದವು

ಟಾರ್ಚ್ ಹಿಡಿದು ಚಕ್ರದ ಮೇಲ್ಭಾಗ ನೋಡಿ. ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಕೊಡಿ. ಬ್ರೇಕ್ ಪೈಪ್, ಹಿಂದಿನ ಲೈಟಿನ ವೈರ್ ಅಲ್ಲೇ ಹಾದುಹೋಗಿರುತ್ತವೆ. ಟಯರ್ ಎಸೆಯುವ ಕಲ್ಲು ನೇರ ಬಡಿಯುವ ಹಾಗಿದ್ದರೆ ಜಾಗ ಬದಲಿಸಿ. ತಗಡಿನ ತೂತಿನಲ್ಲಿ ವೈರ್ ಹಾದಲ್ಲೆಲ್ಲ ರಬ್ಬರ್ ಗ್ರೋಮೆಟ್ (ತೂತಿನ ಅಂಚು ವೈರ್ ಕೊಯ್ಯದಂತೆ ತಡೆಯುವ ಬಳೆ) ಇರಬೇಕು. ಮನೆಗೆ ಎಳೆಯುವ ಒಂಟಿ ಎಳೆಯ ವೈರ್ ಗಾಡಿಯ ಅದುರಿಗೆ ಒಳಗೇ ಮುರಿಯುತ್ತದೆ, ಬಹು ಎಳೆಯದೇ ಬೇಕು. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ ಇರಲಿ. ಬಾಡಿ ಕಟ್ಟುವವರು ಇವನ್ನು ಹಲಗೆ ಹಿಂದೆ ಮುಚ್ಚಿಬಿಡುತ್ತಾರೆ, ಹಾಗಾಗಿ ಹಲಗೆ ಹೊಡೆಯುವ ಮುಂಚೆಯೇ ಹೋಗಿ ನೋಡಿ.

ಮಳೆ ಸೋರುವುದಕ್ಕೆ ಎಲ್ಲರೂ ಸಿಲಿಕಾನ್ ಮೇಲೆ ಸಿಲಿಕಾನ್ ಬಳಿಯುತ್ತಾರೆ. ಹಳೇ ಸಿಲಿಕಾನ್ ಮೇಲೆ ಯಾವುದೂ ಹಿಡಿಯುವುದಿಲ್ಲ. ಪೂರ್ತಿ ಕೆರೆದು, ಒರೆಸಿ, ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಿಸಿ. ಸೋರುವ ಜಾಗ ಹುಡುಕಲು ಸಾದಾ ಪೈಪಿನ ನೀರನ್ನು ಕೆಳಗಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಿಡುತ್ತಾ ಹೋಗಿ, ಒಳಗೊಬ್ಬರು ನೋಡುತ್ತಿರಲಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರು ಬೇಡ. ಸರಿಯಿರುವ ಜಾಗದಲ್ಲೂ ಅದು ನುಗ್ಗುತ್ತದೆ.

ಒಳಗಿನ ಕಪಾಟಿಗೆ ಐಎಸ್ 710 ಗುರುತಿನ ಪ್ಲೈವುಡ್ ಕೇಳಿ, ಅದು ನೀರಿಗೆ ತಡೆಯುತ್ತದೆ. ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ. ಹಲಗೆಯ ಅಂಚಿಗೆ ಹೊಡೆದ ಸ್ಕ್ರೂ ಅದುರಿಗೆ ಕಿತ್ತು ಬರುತ್ತದೆ. ಭಾರ ಹೊರುವ ಕಡೆಯೆಲ್ಲ ಕಬ್ಬಿಣದ ಫ್ರೇಮಿಗೆ ಬೋಲ್ಟ್ ಆಗಲಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ಕಿಂಡಿ ಇಲ್ಲದಿದ್ದರೆ ಆ ಗಾಡಿಯಲ್ಲಿ ಮಲಗಬೇಡಿ.

ಹೊಸದಾಗಿ ಕಟ್ಟಿಸುತ್ತಿರುವವರು ಕೊನೆಯ ಕಂತು ಕೊಡುವ ಮುಂಚೆ ಟ್ಯಾಂಕ್ ತುಂಬಿಸಿ, ಸಾಮಾನು ಹೇರಿ, ಸುಣ್ಣದ ಪರೀಕ್ಷೆ, ವೇಬ್ರಿಡ್ಜ್ ಎರಡೂ ಮಾಡಿ. ಗಾಡಿಯ ಹಿಂಭಾಗ ಹಿಂದಿನ ಆ್ಯಕ್ಸಲ್‌ನಿಂದಾಚೆ ಚಾಚಿರುವುದು ಚಕ್ರದಿಂದ ಚಕ್ರದ ಅಂತರದ ಶೇ 60 ಮೀರಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ, ಅದನ್ನೂ ಅಳೆಯಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ರೂಪ ಬದಲಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು, ಆರ್‌ಟಿಒ ಕೆಲಸ ಮುಗಿಯದೆ ಕೀ ತೆಗೆದುಕೊಳ್ಳಬೇಡಿ. ಪ್ಲೇಟ್ ಕೆಲಸ ಮಾಡಿಸಿದವರು 500 ಕಿ.ಮೀ. ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ, ನಟ್ ಮೇಲೆ ಒಂದು ಗೆರೆ ಪೇಂಟ್ ಎಳೆಸಿ. ಗೆರೆ ಸರಿದಿದ್ದರೆ ನಟ್ ಸಡಿಲವಾಗಿದೆ ಅಂತ ನಿಂತಲ್ಲೇ ಗೊತ್ತಾಗುತ್ತದೆ.