ವರ್ಷದ ಕೊನೆಯ ಸಂಜೆಗೆ ಜಪಾನಿನ ಮೂರು ಹಾಡು

ಡಿಸೆಂಬರ್ 31ರ ಸಂಜೆ ಗಲಾಟೆಯಿಲ್ಲದೆ ಕೂತು ಕಳೆದ ವರ್ಷವನ್ನು ನೆನೆಯಬೇಕು ಅನ್ನುವವರಿಗೆ ಒಂದು ಸಲಹೆ. ಮಿಸೋರಾ ಹಿಬಾರಿ ಹಾಡಿರುವ ‘ಕಾವಾ ನೋ ನಾಗಾರೆ ನೋ ಯೋ ನಿ’ ಕೇಳಿ. ‘ನದಿಯ ಹರಿವಿನಂತೆ’ ಎಂದರ್ಥ. ತನಗೇ ಅರಿವಿಲ್ಲದೆ ನಡೆದು ಬಂದ ಉದ್ದದ ಕಿರುದಾರಿಯನ್ನು ತಿರುಗಿ ನೋಡುವ ಹಾಡು. 1989ರ ಜನವರಿಯಲ್ಲಿ ಬಂತು. ಅದೇ ಜೂನ್‌ನಲ್ಲಿ ಆಕೆ ತೀರಿಕೊಂಡರು, 52ನೇ ವಯಸ್ಸಿಗೆ. ಇದು ಗೊತ್ತಿದ್ದು ಕೇಳುವಾಗ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತದೆ. ಮೊದಲ ಸಲ ಅರ್ಥ ಹುಡುಕದೆ ದನಿಯನ್ನಷ್ಟೇ ಕೇಳಿ, ಎರಡನೇ ಸಲ ಅನುವಾದ ಮುಂದಿಟ್ಟುಕೊಳ್ಳಿ.

ವರ್ಷ ಕಷ್ಟದಲ್ಲೇ ಕಳೆದಿದ್ದರೆ ಮಾತ್ರ ನಕಾಜಿಮಾ ಮಿಯುಕಿಯವರ ‘ಜಿದಾಯ್’ (1975) ಮೊದಲು ಹಾಕಿ. ಇಂದಿನ ದುಃಖವನ್ನು ನಗುತ್ತ ನೆನೆಯುವ ಕಾಲವೂ ಬರುತ್ತದೆ ಅನ್ನುತ್ತದೆ ಅದು.

ಕೊನೆಗೆ ‘ಹೊತಾರು ನೋ ಹಿಕಾರಿ’, ಅಂದರೆ ಮಿಣುಕುಹುಳದ ಬೆಳಕು. ರಾಗ ಸ್ಕಾಟ್ಲೆಂಡಿನದು, ಆದರೆ ಜಪಾನಿನ ಶಾಲೆಗಳಲ್ಲಿ ತಲೆಮಾರುಗಳಿಂದ ಬೀಳ್ಕೊಡುಗೆಗೆ ಇದನ್ನೇ ಹಾಡುತ್ತಾರೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ವರ್ಷಾಂತ್ಯದ ‘ಕೋಹಾಕು’ ಸಂಗೀತ ಕಾರ್ಯಕ್ರಮ ಮುಗಿಯುವುದೂ ಇದರಿಂದಲೇ, ನಮ್ಮ ಗಡಿಯಾರದಲ್ಲಿ ರಾತ್ರಿ 8.15ರ ಸುಮಾರಿಗೆ. ಮಕ್ಕಳು, ಅಜ್ಜ ಅಜ್ಜಿ ಎಲ್ಲರೂ ಎಚ್ಚರವಿರುವ ಹೊತ್ತು, ಜೊತೆಗೆ ಕೂರಿಸಿಕೊಳ್ಳಿ. 8.30ಕ್ಕೆ ಅಲ್ಲಿ ಹೊಸ ವರ್ಷ. ಬೌದ್ಧ ದೇಗುಲಗಳಲ್ಲಿ ಗಂಟೆಯನ್ನು 108 ಸಲ ಬಾರಿಸುವ ಸಮಯ.